ಎದುರು ಮನೆಯ ಆಂಬುಲೆನ್ಸ್

ಬೆಳಿಗ್ಗೆ ಹಾಲು ಕರೆದು, ಡೈರಿಗೆ ಕಳಿಸಿ, ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಒಂದು ಲೋಟ ಕಾಫಿ ಕುಡಿಯುವುದು ಮುದ್ದಯ್ಯನ ಬಹುಕಾಲದ ರೂಢಿ. ಆ ಹೊತ್ತಿಗೆ ಭೀಮನಬೀಡಿನ ಆ ಬೀದಿ ಚುರುಕಾಗಿರುತ್ತಿತ್ತು. ಚೆಂಡುಹೂವು ಬಿಡಿಸಲು ಹೋಗುವ ಹೆಂಗಸರು ತಲೆಗೆ ಟವೆಲ್ ಸುತ್ತಿಕೊಂಡು ಗೂಡ್ಸ್ ಆಟೋ ಹತ್ತುತ್ತಿದ್ದರು. ಗುಂಡ್ಲುಪೇಟೆ ಬಸ್ಸಿಗೆ ಓಡುವ ಮಕ್ಕಳಿಗೆ ಮನೆಯೊಳಗಿನಿಂದ ತಾಯಂದಿರು ಬುತ್ತಿ ಮರೆತದ್ದನ್ನು ಕೂಗಿ ಹೇಳುತ್ತಿದ್ದರು. ಬೀದಿಯಲ್ಲಿ ಅಲ್ಲಾಡದೆ ಇದ್ದದ್ದು ಎದುರಿನ ಹಳೇ ಡೈರಿ ಕಟ್ಟಡ ಒಂದೇ. ಡೈರಿ ಊರ ಮುಂದಿನ ಹೊಸ ಜಾಗಕ್ಕೆ ಹೋದ ಮೇಲೆ ಅದಕ್ಕೆ ಬೀಗ ಬಿದ್ದು ಆರು ವರ್ಷವಾಗಿತ್ತು.

ಆಷಾಢದ ಒಂದು ಸೋಮವಾರ ಆ ಬೀಗ ತೆಗೆದಿತ್ತು. ಇಬ್ಬರು ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಮೂರನೆಯವನು ಏಣಿ ಹತ್ತಿ ಕೆಂಪು ಬಣ್ಣದಲ್ಲಿ ಅಕ್ಷರ ಬರೆಯುತ್ತಿದ್ದ. ಮುದ್ದಯ್ಯ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದ. ‘ಆಂಬುಲೆನ್ಸ್ ನಿಲ್ದಾಣ’ ಎಂದಿತ್ತು. ಅರ್ಧ ಕುಡಿದ ಕಾಫಿಯನ್ನು ಅಲ್ಲೇ ಇಟ್ಟು ಅವನು ಎದ್ದು ಒಳಗೆ ಹೋದ.

ವಿಷಯ ಏನೆಂಬುದು ಆ ವಾರ ಪಂಚಾಯ್ತಿಯಲ್ಲಿ ನಡೆದ ಸಭೆಯಲ್ಲಿ ಎಲ್ಲರಿಗೂ ತಿಳಿಯಿತು. ತಾಲ್ಲೂಕಿನ ಆರೋಗ್ಯ ಅಧಿಕಾರಿ ಸುಧಾಮಣಿ ಬಂದಿದ್ದರು. ಇಷ್ಟು ದಿನ ಆಂಬುಲೆನ್ಸುಗಳೆಲ್ಲ ಗುಂಡ್ಲುಪೇಟೆಯಲ್ಲೇ ನಿಲ್ಲುತ್ತಿದ್ದವು, ಕರೆ ಬಂದ ಮೇಲೆ ಅಲ್ಲಿಂದ ಹೊರಟು ಕಾಡಂಚಿನ ಊರು ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತಿತ್ತು, ಇನ್ನು ಮೇಲೆ ಹಳ್ಳಿಗಳ ನಡುವೆಯೇ ಗಾಡಿಗಳು ನಿಲ್ಲುತ್ತವೆ ಎಂದು ಅವರು ವಿವರಿಸಿದರು. ಹೊಸ ಗಾಡಿಯಲ್ಲಿ ಎದೆಯ ಇಸಿಜಿ ತೆಗೆಯುವ ಯಂತ್ರವಿದೆ. ತೆಗೆದ ಇಸಿಜಿ ಆ ಕ್ಷಣವೇ ಚಾಮರಾಜನಗರದ ಡಾಕ್ಟರ ಕೈ ಸೇರುತ್ತದೆ. ಫೋನಿಗೆ ಸಿಗ್ನಲ್ ಇಲ್ಲದ ಕಡೆಗೂ ವೈರ್‌ಲೆಸ್ ಸೆಟ್ ಇದೆ. ಆದರೆ ಆ ಯಂತ್ರಗಳನ್ನು ಹಗಲೂ ರಾತ್ರಿ ಚಾರ್ಜಿಗೆ ಇಡಬೇಕು, ಆದ್ದರಿಂದ ನಿಲ್ದಾಣ ತೆರೆದ ಊರಿಗೆ ಮಾತ್ರ ಹೊಸ ಗಾಡಿ ಬರುತ್ತದೆ ಎಂದೂ ಹೇಳಿದರು.

ಮುದ್ದಯ್ಯ ಎದ್ದು ನಿಂತ. ಊರಲ್ಲಿ ಅವನ ಮಾತಿಗೆ ಬೆಲೆಯಿತ್ತು. ನ್ಯಾಯ ಪಂಚಾಯ್ತಿಗೂ ಮದುವೆ ಮಾತಿಗೂ ಜನ ಅವನನ್ನೇ ಮುಂದೆ ಕೂರಿಸುತ್ತಿದ್ದರು.

“ಗಾಡಿ ಬ್ಯಾಡ ಅನ್ನಾಕಿಲ್ಲ ಕಣಮ್ಮ. ಅದು ನಿಲ್ಲೋ ಜಾಗ ಬ್ಯಾರೆ ನೋಡ್ಕಳಿ. ಶ್ರಾವಣದಲ್ಲಿ ನನ್ನ ಮೊಮ್ಮಗಳ ಮದ್ವೆ. ಹಸೆಮಣೆಗೆ ಓಗೋ ಹೆಣ್ಣು ಹೊಸಲು ದಾಟುತ್ಲೇ ಎದುರಿಗೆ ಅದೇ ಕಾಣ್ಬೇಕಾ?”

“ಯಜಮಾನ್ರೇ, ಅದು ಹೆಣ ಸಾಗಿಸೋ ಗಾಡಿ ಅಲ್ಲ, ಜೀವ ಉಳಿಸೋ ಗಾಡಿ” ಎಂದರು ಸುಧಾಮಣಿ.

“ನಮ್ಮನೆಯೋರಿಗೂ ಒಂದ್ಸಲ ಬಂದಿತ್ತು. ಯಾವ ಗಾಡಿ ಅಂತ ನಾನು ಕಂಡಿವ್ನಿ.”

ನಾಲ್ಕು ವರ್ಷದ ಹಿಂದೆ ಮುದ್ದಯ್ಯನ ಹೆಂಡತಿ ದೊಡ್ಡಮಾದಮ್ಮ ಹೂವಿನ ಹೊಲದಲ್ಲಿ ಎದೆ ಹಿಡಿದುಕೊಂಡು ಕುಸಿದದ್ದು, ಕರೆದ ಆಂಬುಲೆನ್ಸ್ ಒಂದು ಗಂಟೆಯಾದರೂ ಬಾರದೆ ಇದ್ದದ್ದು, ಕೊನೆಗೆ ಬಂದರೂ ಗುಂಡ್ಲುಪೇಟೆ ಮುಟ್ಟುವ ಮೊದಲೇ ಆಕೆಯ ಉಸಿರು ನಿಂತದ್ದು ಊರಿಗೆಲ್ಲ ಗೊತ್ತಿದ್ದ ಕಥೆ. ಮುದ್ದಯ್ಯ ಅದನ್ನು ಎಷ್ಟು ಸಲ ಹೇಳಿದ್ದನೆಂದರೆ, ಸೈರನ್ ಕೇಳಿದರೆ ಆ ಬೀದಿಯವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅವನ ನೆಂಟನೂ ಊರ ಹಿರಿಯನೂ ಆದ ಮರಿಮಲ್ಲಪ್ಪ ಅಲ್ಲೇ ಒಂದು ಅರ್ಜಿ ಬರೆಸಿದ. ಬೀದಿಯವರೆಲ್ಲ ರುಜು ಹಾಕಿದರು. ಅರ್ಜಿ ತೀರ್ಮಾನವಾಗುವವರೆಗೆ ನಿಲ್ದಾಣಕ್ಕೆ ಮತ್ತೆ ಬೀಗ ಬಿತ್ತು.

ಆದರೂ ಊರಿಗೆ ಒಂದು ಗಾಡಿ ಇರಲೇಬೇಕೆಂದು ಮೇಲಿನಿಂದ ಆದೇಶವಾಗಿತ್ತು. ಹಾಗಾಗಿ ಗುಂಡ್ಲುಪೇಟೆಯಿಂದ ಒಂದು ಹಳೆಯ ಆಂಬುಲೆನ್ಸ್ ಬಂದು, ಊರಾಚೆಯ ಬಸ್ ನಿಲ್ದಾಣದ ಹತ್ತಿರ ಹುಣಸೆಮರದ ಕೆಳಗೆ ನಿಂತಿತು. ಅದರ ಡ್ರೈವರ್ ಗಂಗಾಧರಸ್ವಾಮಿ ಚಾಮರಾಜನಗರದವನು. ಜೊತೆಗಿದ್ದ ನರ್ಸ್ ಭಾನು ಕುದೇರಿನ ಹುಡುಗಿ. ಬೆಳಿಗ್ಗೆ ಎಂಟಕ್ಕೆ ಬಂದರೆ ಸಂಜೆ ಎಂಟರವರೆಗೆ ಇಬ್ಬರಿಗೂ ಆ ಮರದ ನೆರಳೇ ಮನೆ.

ಮುದ್ದಯ್ಯನ ಮೊಮ್ಮಗಳು ಶೃತಿ ಹಂಗಳದ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ದಿನಾ ಆ ಮರದ ಹತ್ತಿರವೇ ಬಸ್ಸು ಹತ್ತಿ ಇಳಿಯುವವಳು. ಭಾನುವಿನ ನೀರಿನ ಬಾಟಲಿ ಬೆಳಿಗ್ಗೆ ತುಂಬಿದ್ದು ಸಂಜೆಗೂ ಹಾಗೇ ತುಂಬಿರುವುದನ್ನು ಅವಳು ಎರಡು ಮೂರು ದಿನ ಗಮನಿಸಿದಳು. ಒಂದು ಸಂಜೆ ಕೇಳಿಯೇ ಬಿಟ್ಟಳು. ಭಾನು ನಕ್ಕು, ಕುಡಿದರೆ ಹೋಗುವುದಕ್ಕೆ ಜಾಗ ಬೇಕಲ್ಲ, ಇಲ್ಲಿ ಸುತ್ತಲೂ ರಸ್ತೆ, ಪ್ರವಾಸಿಗರು ಬೇರೆ ಹೂವಿನ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳುತ್ತ ನಿಂತಿರುತ್ತಾರೆ ಎಂದಳು. ಕಿಡ್ನಿಯಲ್ಲಿ ಒಂದು ಸಲ ಕಲ್ಲಾಗಿತ್ತೆಂಬುದನ್ನೂ ನಗುತ್ತಲೇ ಹೇಳಿದಳು. ಶೃತಿಗೆ ನಗು ಬರಲಿಲ್ಲ. ಅವಳ ಕೈ ಹಿಡಿದು ಸೀದಾ ಮನೆಗೆ ಕರೆತಂದಳು.

ಜಗಲಿಯ ಮೇಲಿದ್ದ ಮುದ್ದಯ್ಯ ಹುಡುಗಿಯ ನೀಲಿ ಸಮವಸ್ತ್ರ ನೋಡಿದ. ಯಾರೆಂದು ತಿಳಿಯಿತು. ಆದರೆ ಮನೆ ಬಾಗಿಲಿಗೆ ಬಂದವರಿಗೆ ಮುಖ ತಿರುಗಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಕಾಲು ಮಡಿಸಿ ದಾರಿ ಬಿಟ್ಟ. ಹಿತ್ತಲಿನ ಬಚ್ಚಲಿಂದ ಭಾನು ಬರುವಷ್ಟರಲ್ಲಿ ಸೊಸೆ ವನಿತಾ ಮಜ್ಜಿಗೆ ಮಾಡಿಟ್ಟಿದ್ದಳು. ನಡುಮನೆಯಲ್ಲಿ ನಿಂತು ಲೋಟ ತುಟಿಗಿಟ್ಟ ಭಾನುವಿನ ಕಣ್ಣು ಗೋಡೆಯ ಮೇಲಿದ್ದ ದೊಡ್ಡಮಾದಮ್ಮನ ಫೋಟೋದ ಮೇಲೆ ಬಿತ್ತು. ಅವಳು ಅಲ್ಲೇ ನಿಂತುಬಿಟ್ಟಳು. ಮಜ್ಜಿಗೆ ಅರ್ಧಕ್ಕೇ ಉಳಿಯಿತು. ಉಪ್ಪು ಹೆಚ್ಚಾಯಿತೇನೋ ಎಂದು ವನಿತಾ ಕೇಳಿದರೆ, ಇಲ್ಲ ಅಕ್ಕ ಎಂದಷ್ಟೇ ಹೇಳಿ ಹೊರಟುಹೋದಳು.

ಆಮೇಲೂ ಶೃತಿಯ ಬಲವಂತಕ್ಕೆ ದಿನಕ್ಕೆರಡು ಸಲ ಬರುತ್ತಿದ್ದಳು. ಆದರೆ ನಡುಮನೆ ದಾಟುವಾಗ ತಲೆ ಎತ್ತುತ್ತಿರಲಿಲ್ಲ. ಮುದ್ದಯ್ಯ ಇದನ್ನು ಕಂಡ. ತನ್ನ ಅರ್ಜಿಯ ಸಿಟ್ಟಿರಬೇಕು ಎಂದುಕೊಂಡು ಸುಮ್ಮನಾದ.

ಒಂದು ಮಧ್ಯಾಹ್ನ ಮನೆಯವರೆಲ್ಲ ಜವಳಿ ತರಲು ಗುಂಡ್ಲುಪೇಟೆಗೆ ಹೋಗಿದ್ದರು. ಮುದ್ದಯ್ಯ ಒಬ್ಬನೇ ಜಗಲಿಯಲ್ಲಿ ಕುಳಿತು ಬೀಜಕ್ಕೆಂದು ಒಣಗಿಸಿದ ಹೂವುಗಳನ್ನು ಬಿಡಿಸುತ್ತಿದ್ದ. ಭಾನು ಹಿತ್ತಲಿಗೆ ಹೋಗಿ ಬಂದವಳು ಹೊರಡಲಿಲ್ಲ. ಮೆಟ್ಟಿಲ ಮೇಲೆ ಕುಳಿತಳು.

“ತಾತ, ನಿಮ್ಗೊಂದು ಮಾತು ಹೇಳ್ಬೇಕು. ಕೇಳಿದ ಮೇಲೆ ನಾಳೆಯಿಂದ ಬರಬ್ಯಾಡ ಅಂದ್ರೂ ಸರಿ.”

“ಯೋಳವ್ವ.”

“ಆವತ್ತು ಅಜ್ಜಿ ಜೊತೆ ಗಾಡೀಲಿ ಇದ್ದೋಳು ನಾನೇ.”

ಮುದ್ದಯ್ಯ ಅವಳ ಮುಖವನ್ನೇ ನೋಡಿದ. ಅದು ಎಲ್ಲರೂ ಮಾಸ್ಕ್ ಕಟ್ಟಿಕೊಂಡಿದ್ದ ಕಾಲ. ಅವನಿಗೆ ನೆನಪಿದ್ದದ್ದು ಹೆದರಿದ ಎರಡು ಕಣ್ಣು ಮಾತ್ರ. ಆ ಕಣ್ಣು ಇವೇ.

ಭಾನು ತಲೆ ತಗ್ಗಿಸಿಕೊಂಡೇ ಹೇಳುತ್ತ ಹೋದಳು. ಆಗ ಅವಳು ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಹೂವಿನ ಹೊಲದ ಹತ್ತಿರ ಬನ್ನಿ ಎಂಬ ಮಾತಿನ ಜೊತೆಗೇ ಫೋನು ಕಡಿದುಹೋಗಿತ್ತು. ಬಂದು ನೋಡಿದರೆ ಕಣ್ಣು ಹಾಯಿಸಿದಷ್ಟೂ ಹೂವಿನ ಹೊಲವೇ. ಯಾವುದೆಂದು ತಿಳಿಯದೆ ಇಪ್ಪತ್ತೈದು ನಿಮಿಷ ಸುತ್ತಿದ್ದರು. ಸಿಕ್ಕ ಮೇಲೂ ಗಾಡಿಯಲ್ಲಿದ್ದದ್ದು ಒಂದು ಆಕ್ಸಿಜನ್ ಸಿಲಿಂಡರ್, ಬಿಪಿ ನೋಡುವ ಪಟ್ಟಿ, ಅಷ್ಟೇ. ಡಾಕ್ಟರನ್ನು ಕೇಳೋಣವೆಂದರೆ ಸಿಗ್ನಲ್ ಇರಲಿಲ್ಲ.

“ಗ್ಯಾಸಾ, ಹಾರ್ಟಾ ಅಂತ ಕೂಡ ನಂಗೆ ಖಾತ್ರಿ ಆಗ್ಲಿಲ್ಲ ತಾತ. ಅಜ್ಜಿ ನನ್ನ ಕೈ ಹಿಡ್ಕೊಂಡಿದ್ರು. ಸರಿಹೋಯ್ತದೆ ಅಂತ ಸುಳ್ಳು ಹೇಳ್ತಾನೇ ಇದ್ದೆ. ನಿಮ್ಮ ಅರ್ಜಿ ಮ್ಯಾಲೆ ನಂಗೆ ಸಿಟ್ಟಿಲ್ಲ. ಗಾಡಿ ತಡವಾಗಿ ಬಂದಿದ್ದು ನಿಜ.”

ಮುದ್ದಯ್ಯನ ಕೈ ಒಣಹೂವಿನ ರಾಶಿಯಲ್ಲಿ ಹಾಗೇ ನಿಂತಿತ್ತು. ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಬಂದು, ದಾಟಿ, ಸದ್ದು ಪೂರಾ ಅಡಗಿತು.

“ಫೋನು ಮಾಡಾಕೆ ಮುಂಚೆ ನೋವು ಎಷ್ಟೊತ್ತಿಂದ ಇತ್ತು ಅಂತ ನೀನು ಕೇಳ್ದೆ” ಎಂದ ಆಮೇಲೆ. “ಅರ್ಧ ಗಂಟೆ ಅಂದೆ ನಾನು.”

“ಹೂಂ. ಬರ್ಕೊಂಡಿದ್ದೆ.”

“ಸುಳ್ಳು ಕಣವ್ವ.”

ಅವನ ದನಿ ತೀರ ಸಣ್ಣದಾಗಿತ್ತು. ಆ ದಿನ ಬೆಳಿಗ್ಗೆ ಒಂಬತ್ತೂವರೆಗೇ ದೊಡ್ಡಮಾದಮ್ಮ ಎದೆ ಹಿಂಡುತ್ತಿದೆ ಎಂದಿದ್ದಳು. ಮೈಯೆಲ್ಲ ಬೆವರಿತ್ತು. ಹೂವಿನ ಲಾರಿ ಹನ್ನೆರಡಕ್ಕೆ ಹೊರಡಬೇಕಿತ್ತು, ಚೀಲಗಳು ಇನ್ನೂ ತುಂಬಿರಲಿಲ್ಲ. ವಾಯು ಇರಬೇಕು ಎಂದು ಓಮದ ನೀರು ಕುಡಿಸಿ ಹೊಂಗೆಮರದ ಕೆಳಗೆ ಮಲಗಿಸಿದ. ನಡುವೆ ಒಂದು ಸಲ ಅವಳು ಕೂಗಿದಳು. ಬಂದೆ ಇರು ಎಂದ. ಹೋಗಲಿಲ್ಲ. ಲಾರಿ ಹೊರಟ ಮೇಲೆ ಬಂದು ನೋಡಿದಾಗ ತುಟಿ ಕಪ್ಪಾಗಿತ್ತು. ಆಗ ಫೋನು ಮಾಡಿದ.

“ಮಗಂಗೂ ಯೋಳಿಲ್ಲ, ಸೊಸೆಗೂ ಯೋಳಿಲ್ಲ. ಗಾಡಿ ತಡವಾಯ್ತು, ಗಾಡಿ ತಡವಾಯ್ತು ಅಂತ ಊರೆಲ್ಲ ಸಾರ್ಕಂಡು ಬಂದೆ. ಆ ಸದ್ದು ಕಿವಿಗೆ ಬಿದ್ರೆ ಅವಳು ಕೂಗ್ದಂಗೇ ಆಯ್ತದೆ. ಅದ್ಕೇ ಎದುರುಗಡೆ ಬ್ಯಾಡ ಅಂದಿದ್ದು. ಶಕುನ ಗಿಕುನ ಎಲ್ಲ ಬಾಯಿಮಾತು.”

ಭಾನು ಅವನ ಕಡೆ ತಿರುಗಿ ಕುಳಿತಳು.

“ಎರಡೂವರೆ ಗಂಟೆ ಅಂತ ನಿಜ ಯೋಳಿದ್ರೆ ನೀನು ಬ್ಯಾರೆ ಏನಾರ ಮಾಡ್ತಿದ್ದಾ?” ಮುದ್ದಯ್ಯ ಕೇಳಿದ. ನಾಲ್ಕು ವರ್ಷದಿಂದ ಅವನು ತನ್ನನ್ನೇ ಕೇಳಿಕೊಂಡು ಬಂದ ಪ್ರಶ್ನೆ ಅದು.

“ನಿಮ್ಗೆ ಸುಳ್ಳು ಹೇಳಲ್ಲ ತಾತ. ನೀವು ಬೇಗ ಕರೆದಿದ್ರೆ ಒಳ್ಳೇದಿತ್ತು. ಆದ್ರೆ ಬೇಗ ಕರೆದಿದ್ರೂ ಆ ಗಾಡೀಲಿ ಮಾಡೋದಕ್ಕೆ ನಂಗೇನೂ ಇರ್ಲಿಲ್ಲ. ಎರಡೂ ನಿಜ.”

ಮುದ್ದಯ್ಯ ಅಂಗವಸ್ತ್ರದಿಂದ ಮುಖ ಒರೆಸಿಕೊಂಡ. ಭಾನು ಅವನ ಪಕ್ಕದ ರಾಶಿಗೆ ಕೈ ಹಾಕಿ ಸುಮ್ಮನೆ ಹೂವು ಬಿಡಿಸತೊಡಗಿದಳು. ಗಂಗಾಧರಸ್ವಾಮಿ ಹುಡುಕಿಕೊಂಡು ಬರುವವರೆಗೆ ಇಬ್ಬರೂ ಅದನ್ನೇ ಮಾಡುತ್ತಿದ್ದರು.

ಸಂಜೆ ಜವಳಿ ಬಿಚ್ಚಿ ನೋಡುವ ಸಂಭ್ರಮ ಮುಗಿದು ಎಲ್ಲರೂ ಮುದ್ದೆಗೆ ಕುಳಿತಾಗ ಮುದ್ದಯ್ಯ ಮನೆಯವರಿಗೂ ಹೇಳಿದ. ಭಾನುವಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು. ಮಗ ಶಾಂತರಾಜು ಮುರಿದ ತುತ್ತನ್ನು ತಟ್ಟೆಗೇ ಇಟ್ಟು ಎದ್ದು ಹೊರಗೆ ಹೋದ. ವನಿತಾ ಸೆರಗು ಬಾಯಿಗೆ ಒತ್ತಿಕೊಂಡಳು. ಶೃತಿ ಮಾತ್ರ ತಾತನ ಪಕ್ಕಕ್ಕೆ ಸರಿದು ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಶಾಂತರಾಜು ಕೊಟ್ಟಿಗೆಯಿಂದ ಬಂದು ಬಾಗಿಲಲ್ಲಿ ನಿಂತ. ಕಣ್ಣು ಕೆಂಪಾಗಿತ್ತು.

“ಆವತ್ತು ನಾನೂ ಹೊಲದಲ್ಲೇ ಇದ್ದೆ ಕಣಪ್ಪ” ಎಂದ. “ಅವ್ವ ಮಲಗಿದ್ದು ನಾನೂ ನೋಡ್ದೆ. ಸುಸ್ತಾಗದೆ ಅಂದ್ಕಂಡು ಚೀಲ ಹೊತ್ತೆ. ನೀನೊಬ್ಬನೇ ಯಾಕೆ ಹೊತ್ಕಂಡಿದ್ದೆ ಇದ್ನ?” ಆಮೇಲೆ ತಟ್ಟೆಯ ಮುಂದೆ ಕುಳಿತು, ತಣ್ಣಗಾದ ಮುದ್ದೆಗೆ ಸಾರು ಹಾಕಿಸಿಕೊಂಡ.

ಮಾರನೆಯ ದಿನ ಅಪ್ಪ ಮಗ ಇಬ್ಬರೂ ಪಂಚಾಯ್ತಿಗೆ ಹೋಗಿ ಅರ್ಜಿ ವಾಪಸು ತೆಗೆದುಕೊಂಡರು. ಕಾರಣವನ್ನೂ ಮುದ್ದಯ್ಯ ಮುಚ್ಚಿಡಲಿಲ್ಲ. ಮರಿಮಲ್ಲಪ್ಪನಿಗೆ ಇದು ಸರಿಬರಲಿಲ್ಲ. ಹೆಂಡತಿ ಹೋದ ಸಂಕಟ ಬೇರೆ, ಹೆಣ್ಣುಮಗಳ ಶುಭಕಾರ್ಯ ಬೇರೆ, ಎರಡನ್ನೂ ಕಲಸಬಾರದು, ನಾಳೆ ಬೀಗರು ಏನೆಂದುಕೊಂಡಾರು ಎಂದು ವಾದಿಸಿದ. ಬೀಗರ ಮನೆಯಲ್ಲೂ ಎದೆ ಇರುವ ಮನುಷ್ಯರೇ ಇರುವುದು ಎಂದು ಮುದ್ದಯ್ಯ ಹೇಳಿದ. ನಿಲ್ದಾಣದ ಬೀಗ ತೆರೆಯಿತು. ಒಳಗೆ ಎರಡು ಕೋಣೆ, ಚಿಲಕವಿರುವ ಶೌಚಾಲಯ, ಗೋಡೆಯುದ್ದಕ್ಕೂ ಚಾರ್ಜಿಂಗ್ ಪಾಯಿಂಟುಗಳು. ಹಳೆಯ ಗಾಡಿ ಹುಣಸೆಮರದಡಿಯಿಂದ ಬಂದು ಡೈರಿಯ ಅಂಗಳದಲ್ಲಿ ನಿಂತಿತು.

ಶ್ರಾವಣ ಬಂತು. ಮದುವೆಗೆ ಎರಡು ದಿನ ಮುಂಚೆ ಮನೆಯ ಮುಂದೆ ಬೀದಿಗೂ ಚಾಚಿ ಚಪ್ಪರ ಎದ್ದಿತು. ಆಂಬುಲೆನ್ಸ್ ಹೋಗಿಬರಲು ಒಂದು ಪಕ್ಕದಲ್ಲಿ ದಾರಿ ಬಿಡಬೇಕೆಂದು ಮುದ್ದಯ್ಯನೇ ಹೇಳಿ, ಹಳೆಯ ಗಾಡಿಯ ಅಗಲವನ್ನು ಕೋಲಿನಲ್ಲಿ ಅಳೆಸಿದ್ದ. ಮಾರನೆಯ ಬೆಳಿಗ್ಗೆ ಬೇಗನೇ ಹೊಸ ಗಾಡಿ ಬಂತು. ಆಗ ಚಪ್ಪರದ ಆ ಪಕ್ಕಕ್ಕೆ ಇನ್ನೂ ಕಂಬ ನೆಟ್ಟಿರಲಿಲ್ಲವಾಗಿ ಅದು ಸರಾಗವಾಗಿ ಅಂಗಳ ಸೇರಿತು. ಗಂಗಾಧರಸ್ವಾಮಿ ಮದುಮಗನಂತೆ ಅದರ ಸುತ್ತ ತಿರುಗಿ ನೋಡುತ್ತಿದ್ದ. ದಾರಿ ತೋರಿಸುವ ಪರದೆ ಕಂಡು, ಈ ಹಲಗೆಗೆ ನನಗಿಂತ ಚೆನ್ನಾಗಿ ದಾರಿ ಗೊತ್ತಿದೆಯಾ ನೋಡೋಣ ಎಂದು ಭಾನುವನ್ನು ರೇಗಿಸುತ್ತಿದ್ದ.

ಹತ್ತು ಗಂಟೆಗೆ ಚಪ್ಪರದ ಶಾಸ್ತ್ರ. ಕೊನೆಯ ಮೂಲೆಯ ಹಾಲುಗಂಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಗುಳಿಗೆ ಹಾಲು ತುಪ್ಪ ಬಿಟ್ಟು, ಮರಿಮಲ್ಲಪ್ಪ ಮುಂದೆ ನಿಂತು ನೆಡಿಸಿದ. ಹೆಂಗಸರು ಸೋಬಾನೆ ಹಾಡುತ್ತಿದ್ದರು. ಶೃತಿ ಅರಿಶಿನದ ಕೈಯಲ್ಲಿ ಕಂಬಕ್ಕೆ ಪೂಜೆ ಮಾಡಿ ಇನ್ನೂ ಎದ್ದಿರಲಿಲ್ಲ, ಎದುರಿನ ಅಂಗಳದಲ್ಲಿ ವೈರ್‌ಲೆಸ್ ಮಾತಾಡಿತು. ಹಂಗಳದ ಕಡೆ ಒಂದು ಹೊಲದಲ್ಲಿ ಕೂಲಿಗೆ ಹೋಗಿದ್ದ ಮಾದಪ್ಪ ಎಂಬುವನಿಗೆ ಎದೆನೋವು. ಭಾನು ಓಡಿ ಗಾಡಿ ಹತ್ತಿದಳು. ಗಂಗಾಧರಸ್ವಾಮಿ ಮುಂದಕ್ಕೆ ತಂದವನು ಚಪ್ಪರದ ಹತ್ತಿರ ಬ್ರೇಕು ಹಾಕಿದ. ಹೊಸ ಗಾಡಿ ಹಳೆಯದಕ್ಕಿಂತ ಅಗಲ. ಕಂಬಕ್ಕೂ ಡೈರಿಯ ಕಾಂಪೌಂಡಿಗೂ ನಡುವೆ ಒಂದು ಗೇಣು ಜಾಗ ಕಡಿಮೆ ಬಿತ್ತು.

ಸೋಬಾನೆ ನಿಂತಿತು. ಗುಂಡ್ಲುಪೇಟೆಯ ಗಾಡಿಗೆ ಹೇಳಿದರಾಗದೇ ಎಂದು ಯಾರೋ ಕೇಳಿದರು. ಮುದ್ದಯ್ಯ ಆಗಲೇ ಪಂಚೆ ಎತ್ತಿಕಟ್ಟಿ ಕಂಬದ ಹತ್ತಿರ ಹೋಗಿದ್ದ.

“ಮುದ್ದಣ್ಣ, ಬ್ಯಾಡ ಕಣೊ” ಎಂದು ಮರಿಮಲ್ಲಪ್ಪ ಅವನ ತೋಳು ಹಿಡಿದ. “ಹಾಲು ಬಿಟ್ಟು ನೆಟ್ಟ ಕಂಬ. ಮಗು ಪೂಜೆ ಮಾಡಿ ಇನ್ನೂ ಕೈ ತೊಳೆದಿಲ್ಲ.”

“ಅಲ್ಲಿಂದ ಗಾಡಿ ಬರೋ ತಂಕ ಕಾಯೋದು ಅಂದ್ರೆ ಏನು ಅಂತ ನಂಗೆ ಗೊತ್ತು. ಬುಡು.”

ಮುದ್ದಯ್ಯ ಕಂಬವನ್ನು ತಬ್ಬಿ ಹಿಡಿದ. ವಯಸ್ಸಾದ ತೋಳಿಗೆ ಅದು ಅಲ್ಲಾಡಿತೇ ಹೊರತು ಮೇಲೆ ಬರಲಿಲ್ಲ. ಶಾಂತರಾಜು ಬರುವ ಮೊದಲೇ ಶೃತಿ ಎದ್ದು, ಅರಿಶಿನದ ಕೈಯಲ್ಲೇ ತಾತನ ಕೈ ಕೆಳಗೆ ಕಂಬವನ್ನು ಹಿಡಿದಳು. ತಾತ ಮೊಮ್ಮಗಳು ಒಟ್ಟಿಗೆ ಎಳೆದರು. ಹಸಿ ಮಣ್ಣಿನಿಂದ ಕಂಬ ಮೇಲೆದ್ದಿತು. ಚಪ್ಪರದ ಮೂಲೆ ಜೋತುಬಿದ್ದಾಗ ಶಾಂತರಾಜು ಭುಜ ಕೊಟ್ಟು ಎತ್ತಿ ಹಿಡಿದ. ಗಾಡಿ ದಾಟಿತು, ತಿರುವಿನಲ್ಲಿ ಸೈರನ್ ಕೂಗಿಕೊಂಡು ಹಂಗಳದ ದಾರಿ ಹಿಡಿಯಿತು. ಮುದ್ದಯ್ಯ ಆ ಸದ್ದು ಪೂರಾ ದೂರವಾಗುವವರೆಗೆ ಕಂಬ ಹಿಡಿದುಕೊಂಡೇ ಕೇಳಿದ.

ಚಪ್ಪರದಡಿ ಜನ ತಮ್ಮ ತಮ್ಮಲ್ಲೇ ಪಿಸುಗುಟ್ಟುತ್ತಿದ್ದರು. ಯಾರಿಗೂ ಮುಂದೇನೆಂದು ತಿಳಿಯಲಿಲ್ಲ. ಮರಿಮಲ್ಲಪ್ಪ ಸ್ವಲ್ಪ ಹೊತ್ತು ಆ ಖಾಲಿ ಗುಳಿಯನ್ನು ನೋಡುತ್ತ ನಿಂತ. ಆಮೇಲೆ ಹಾರೆ ತೆಗೆದುಕೊಂಡು, ಒಂದು ಮಾರು ಈಚೆಗೆ ತಾನೇ ಹೊಸ ಗುಳಿ ತೋಡಲು ಶುರುಮಾಡಿದ. ವನಿತಾ ಒಳಗಿಂದ ಇನ್ನೊಂದು ಲೋಟ ಹಾಲು ತಂದಳು.

ಮಧ್ಯಾಹ್ನ ಗಂಗಾಧರಸ್ವಾಮಿ ಶಾಂತರಾಜುವಿಗೆ ಫೋನು ಮಾಡಿದ. ಮಾದಪ್ಪನನ್ನು ಹತ್ತಿಸಿಕೊಂಡ ಕೂಡಲೇ ಇಸಿಜಿ ಚಾಮರಾಜನಗರಕ್ಕೆ ಹೋಗಿತ್ತು. ಯಾವ ಮಾತ್ರೆ ಕೊಡಬೇಕು, ಎಲ್ಲಿಗೆ ಕರೆತರಬೇಕು ಎಂದು ಡಾಕ್ಟರು ದಾರಿಯಲ್ಲೇ ಹೇಳಿದ್ದರು. ಆಸ್ಪತ್ರೆ ಸೇರಿದ್ದಾನೆ, ಹೆಂಡತಿಯ ಜೊತೆ ಮಾತಾಡುತ್ತಿದ್ದಾನೆ. ಭಾನು ತಾತನಿಗೆ ಹೇಳಿ ಎಂದಳಂತೆ. ಶಾಂತರಾಜು ಹೇಳಿದಾಗ ಮುದ್ದಯ್ಯ ಸುಮ್ಮನೆ ತಲೆಯಾಡಿಸಿ ಒಳಗೆ ಹೋದ. ನಡುಮನೆಯಲ್ಲಿ ಹೆಂಡತಿಯ ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದುದನ್ನು ವನಿತಾ ಕಂಡಳು. ಕಂಡೂ ಕಾಣದವಳಂತೆ ಅಡುಗೆಮನೆಗೆ ಹೋದಳು.

ಸಂಜೆ ಬಿಸಿಲಿಳಿಯುವ ಹೊತ್ತಿಗೆ ಹೊಸ ಗಾಡಿ ಬೀದಿಗೆ ತಿರುಗಿತು. ಮಕ್ಕಳು ಒಳಗೆ ಓಡಲಿಲ್ಲ, ಅದರ ಹಿಂದೆಯೇ ಓಡಿ ಬಂದವು. ಚಪ್ಪರದ ಹತ್ತಿರ ಗಂಗಾಧರಸ್ವಾಮಿ ಅನುಮಾನಿಸಿ ನಿಧಾನಿಸಿದ. ಪಂಕ್ತಿಗೆ ಎಲೆ ಹಾಕಿಸುತ್ತಿದ್ದ ಮುದ್ದಯ್ಯ ಅದನ್ನು ಬಿಟ್ಟು ಗಾಡಿಯ ಮುಂದೆ ಬಂದ. ಒಂದು ಕಣ್ಣು ಕಂಬದ ಮೇಲೆ, ಒಂದು ಕಣ್ಣು ಚಕ್ರದ ಮೇಲೆ ಇಟ್ಟು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಎರಡೂ ಕೈಯಲ್ಲಿ ಕರೆಯತೊಡಗಿದ.

“ಬಾಪ್ಪ, ಬಾ. ಇನ್ನೂ ಜಾಗ ಅದೆ, ಬಾ.”